ಠಾಣೆಯಿಂದ ಬಂದ ಕೋವಿ

2024ರ ಜೂನ್‌ನಲ್ಲಿ ಠಾಣೆಯಿಂದ ಕೋವಿ ತಂದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚುನಾವಣೆ ಬಂದರೆ ನಮ್ಮ ಕಡೆ ಲೈಸೆನ್ಸ್ ಇರುವವರು ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಗೊತ್ತಲ್ಲ. ಆ ಸಲ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿತ್ತು. ಎಣಿಕೆ ನಡೆದದ್ದು ಜೂನ್ 4ಕ್ಕೆ. ಕೊಡುವಾಗ ಅಂಗಳದಲ್ಲಿ ಕಾಲು ಸುಡುವ ಬಿಸಿಲು. ತರುವಾಗ ಜೀಪಿನ ಗಾಜು ಎಷ್ಟು ಒರೆಸಿದರೂ ದಾರಿ ಕಾಣದಷ್ಟು ಮಳೆ. ಮನೆಗೆ ಬಂದು ಜಗಲಿಯಲ್ಲಿ ಕೂತು ಕವರಿನ ಜಿಪ್ ಎಳೆದೆ. ಮೊದಲು ಬಂದದ್ದು ವಾಸನೆ, ಒದ್ದೆ ಕಂಬಳಿಯ ಹಾಗೆ. ಆಮೇಲೆ ಕಂಡದ್ದು ನಳಿಗೆಯ ಮೇಲಿನ ಕೆಂಪು ಚುಕ್ಕೆಗಳು. ಕವರಿನ ಹೊಲಿಗೆ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಸಾಲಾಗಿ ಎದ್ದಿದ್ದವು. ಎರಡು ನಳಿಗೆಗಳ ನಡುವಿನ ಪಟ್ಟಿಯ ಹತ್ತಿರ ಒಂದು ಹೆಬ್ಬೆರಳಿನ ಗುರುತು ಇತ್ತು. ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ತುಕ್ಕಿನಲ್ಲೇ ಬರೆದ ಹಾಗೆ.

ಮೊದಲು ಸಿಟ್ಟು ಬಂತು. ಯಾರೋ ಮುಟ್ಟಿ ಹಾಗೇ ಬಿಟ್ಟಿದ್ದಾರೆ ಅಂದುಕೊಂಡೆ. ಆದರೆ ಕವರನ್ನು ಯಾರೂ ಬಿಚ್ಚಿದ ಹಾಗೆ ಕಾಣಲಿಲ್ಲ. ಜಿಪ್ಪಿಗೆ ನಾನು ಕಟ್ಟಿದ್ದ ದಾರ ನಾನು ಕಟ್ಟಿದಂತೆಯೇ ಇತ್ತು. ನನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಇಟ್ಟು ನೋಡಿದೆ. ಚಿಕ್ಕಂದಿನಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಸಿಕ್ಕಿ ಆದ ಅಡ್ಡ ಗಾಯದ ಗೆರೆ ಎರಡರಲ್ಲೂ ಇತ್ತು. ನನ್ನದೇ ಬೆರಳು.

ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಮಾರ್ಚಿನ ಸೆಕೆಯಲ್ಲಿ ಬೆವರಿದ ಕೈಯಿಂದ ಕೋವಿ ಹಿಡಿದೆ. ಎಣ್ಣೆ ಹಚ್ಚಿದೆ, ನಿಜ. ಆದರೆ ಎಣ್ಣೆ ಹಚ್ಚಿದ ಮೇಲೆ ಮತ್ತೆ ಬರಿಗೈಯಲ್ಲಿ ಎತ್ತಿ ಕವರಿಗೆ ಹಾಕಿದೆ. ಒಳಗೆ ಸ್ಪಂಜ್ ಇರುವ ದಪ್ಪನೆಯ ಕವರು. ಚೆನ್ನಾಗಿ ಸುತ್ತಿಟ್ಟರೆ ಚೆನ್ನಾಗಿರುತ್ತದೆ ಅಂತ ನಂಬಿದ್ದೆ. ಮಗುವನ್ನು ಹೊದಿಸಿ ಮಲಗಿಸಿದ ಹಾಗೆ. ಆ ಹೊದಿಕೆಯೇ ಮೂರು ತಿಂಗಳು ಬೆವರನ್ನೂ ತೇವವನ್ನೂ ಕಬ್ಬಿಣಕ್ಕೆ ಅಂಟಿಸಿ ಹಿಡಿದುಕೊಂಡಿತ್ತು.

ಬಿಸಿನೀರು

ಅಜ್ಜ ಇದ್ದಾಗ ನಮ್ಮಲ್ಲಿ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಅನ್ನುವ ಉದ್ದ ಕೋಲಿನಲ್ಲಿ ಜಡಿದು, ಹಿಂದೆ ಕೇಪು (ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಟೋಪಿ) ಇಟ್ಟು ಹೊಡೆಯುವಂಥದ್ದು. ಅಡಿಕೆ ತೋಟಕ್ಕೆ ಮಂಗ ಇಳಿದರೆ ಅಜ್ಜ ಚರೆ ಹಾಕದೆ ಬರೀ ಮದ್ದಿನ ಒಂದು ಈಡು ಹೊಡೆಯುತ್ತಿದ್ದರು. ಗುಡ್ಡವೆಲ್ಲ ಗುಂಯ್ ಅನ್ನುತ್ತಿತ್ತು. ಮಂಗಗಳು ಆಚೆ ತೋಟಕ್ಕೆ ಹೋಗುತ್ತಿದ್ದವು. ಅಲ್ಲಿಂದ ಇನ್ನೊಂದು ಈಡಿನ ಸದ್ದು ಕೇಳುತ್ತಿತ್ತು.

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಜುಲೈ ತಿಂಗಳ ಒಂದು ಸಂಜೆ ಅಜ್ಜ ಈಡು ಹೊಡೆದು ಬಂದವರೇ ಬಚ್ಚಲಿಗೆ ಹೋದರು. ಹಂಡೆಯಲ್ಲಿ ನೀರು ಮರಳುತ್ತಿತ್ತು. ನಳಿಗೆಯನ್ನು ಮರದಿಂದ ಬಿಡಿಸಿ, ಅದರ ಹಿಂಬದಿಯನ್ನು ಒಂದು ತಪ್ಪಲೆಯೊಳಗೆ ಇಟ್ಟು, ಬಾಯಿಂದ ಒಂದು ಚೆಂಬು ಕುದಿಯುವ ನೀರು ಹೊಯ್ದೇಬಿಟ್ಟರು. ನಾನು ಕೂಗಿಕೊಂಡೆ. ಅಲ್ಲ, ಮಳೆಯಲ್ಲಿ ನೆನೆಯಬಾರದು ಅಂತ ಕೋವಿಯನ್ನು ಕಂಬಳಿಕೊಪ್ಪೆಯೊಳಗೆ ಅಪ್ಪಿಕೊಂಡು ಬಂದ ಮನುಷ್ಯ, ಈಗ ತಾನೇ ಅದಕ್ಕೆ ನೀರು ಹೊಯ್ಯುತ್ತಿದ್ದಾರೆ! ಅಜ್ಜ ನಕ್ಕರು. "ಉಪ್ಪು ತೊಳೀಬೇಕಲ್ಲ ಮಾರಾಯ. ಉಪ್ಪು ಎಣ್ಣೇಲಿ ಕರಗ್ತದಾ?" ಅಂದರು. ಕೆಳಗಿನ ತೂತಿನಿಂದ ಮಸಿಯಂಥ ಕಪ್ಪು ನೀರು ಇಳಿಯಿತು. ಕೊಳೆತ ಮೊಟ್ಟೆಯ ವಾಸನೆ. ಮೂರು ಚೆಂಬು ಹೊಯ್ದ ಮೇಲೆ ತಿಳಿಯಾಯಿತು. ನಳಿಗೆ ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು. ಆ ಕಾವಿಗೇ ಒಳಗಿನ ನೀರು ಹಬೆಯಾಗಿ ಹೋಗಿ, ಒಂದೆರಡು ನಿಮಿಷದಲ್ಲಿ ತಾನಾಗಿ ಒಣಗಿತು. ಇನ್ನೂ ಬೆಚ್ಚಗಿರುವಾಗಲೇ ಗಜಕ್ಕೆ ಬಟ್ಟೆ ಸುತ್ತಿ ಎಣ್ಣೆ ಎಳೆದರು.

ಅಜ್ಜ ಶಾಲೆಗೆ ಹೋದದ್ದು ನಾಲ್ಕು ವರ್ಷ. ಆದರೆ ಆ ಮಾತು ಅಕ್ಷರಕ್ಕಕ್ಷರ ಸರಿ. ಕರಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಭಾಗ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಲವಣಗಳೇ ಹೆಚ್ಚು. ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಇದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಓದಿದವನು ಎದ್ದು ಗೊಬ್ಬರದ ಕೋಣೆಗೆ ಹೋದೆ. ಅಡಿಕೆ ಮರದ ಬುಡಕ್ಕೆ ಹಾಕುವ ಪೊಟ್ಯಾಷ್ ಇದೆಯಲ್ಲ, ಕೆಂಪಗೆ ಹರಳು ಹರಳಾಗಿ, ಅದೂ ಇದೇ ವಸ್ತು. ಮಳೆಗಾಲದಲ್ಲಿ ಅದರ ಚೀಲ ಹೇಗೆ ಬೆವರುತ್ತದೆ ಅಂತ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಅಂಥ ಚೀಲದಿಂದ ಒಂದು ಚಿಟಿಕೆ ತೆಗೆದು ನಳಿಗೆಯೊಳಗೆ ಸವರಿ ಇಟ್ಟರೆ ಹೇಗೋ, ತೊಳೆಯದೆ ಇಟ್ಟ ಕೇಪಿನ ಕೋವಿಯೂ ಹಾಗೇ. ಮೇಲೆ ಎಣ್ಣೆ ಹಚ್ಚಿದರೆ ಉಪ್ಪು ಎಣ್ಣೆಯ ಕೆಳಗೆ ಕೂತು ತನ್ನ ಕೆಲಸ ಮಾಡುತ್ತದೆ.

ನನ್ನ ಬೆವರಿನಲ್ಲಿ ಇದ್ದದ್ದೂ ಉಪ್ಪೇ ಅಲ್ವಾ. ಅಜ್ಜನ ಮಾತು ಕೇಳಿಸಿಕೊಂಡಿದ್ದೆ, ಆದರೆ ನಳಿಗೆಯ ಒಳಗೆ ಮಾತ್ರ ಅನ್ವಯಿಸಿಕೊಂಡಿದ್ದೆ. ಹೊರಗೆ ಮುಟ್ಟುವ ಕೈಗೂ ಅದೇ ಲೆಕ್ಕ ಅಂತ ಹೊಳೆದಿರಲಿಲ್ಲ.

(ಅಜ್ಜ ತೀರಿದ ಮೇಲೆ ಕೇಪಿನ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿದೆವು. ಈಗ ಇರುವುದು ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಬಂದ ಜೋಡು ನಳಿಗೆಯ, ತೋಟಾ (ಕಾರ್ಟ್ರಿಜ್) ಹಾಕಿ ಹೊಡೆಯುವ 12 ಬೋರ್ ಕೋವಿ.)

ಕಪ್ಪೂ ತುಕ್ಕೇ

ಆ ಕೆಂಪು ಚುಕ್ಕೆಗಳನ್ನು ಏನು ಮಾಡುವುದು? ನಮ್ಮ ಊರಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದ ಪೇಟೆಯಲ್ಲಿ ಲೈಸೆನ್ಸ್ ಇರುವ ಒಬ್ಬರು ಕೋವಿ ರಿಪೇರಿ ಮಾಡುತ್ತಾರೆ. ವಯಸ್ಸಾದ ಆಚಾರ್ರು. ಕನ್ನಡಕ ಹಣೆಗೇರಿಸಿ, ನಳಿಗೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಸ್ಯಾಂಡ್ ಪೇಪರ್ ಹಾಕಿದ್ರಾ ಗೌಡ್ರೇ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೇದಾಯ್ತು" ಅಂದರು. ಅತಿ ನಯವಾದ ಉಕ್ಕಿನ ಉಣ್ಣೆಯನ್ನು (ಸ್ಟೀಲ್ ವೂಲ್) ಎಣ್ಣೆಯಲ್ಲಿ ಅದ್ದಿ, ಬೆರಳ ತುದಿಯ ಭಾರವಷ್ಟೇ ಹಾಕಿ ತಿಕ್ಕಿದರು. ಮೇಲಿನ ಕೆಂಪು ಎದ್ದು ಬಂತು. ಕೆಲವು ಕಡೆ ಕೆಳಗೆ ಕಪ್ಪು ಬಣ್ಣ ಹಾಗೇ ಇತ್ತು. ಕೆಲವು ಕಡೆ ಬರೀ ಬೂದು ಕಬ್ಬಿಣ, ನಡುವೆ ಸೂಜಿಮೊನೆಯಂಥ ಗುಂಡಿಗಳು.

ಬೇರೆ ಬಣ್ಣ ಹಾಕಬಹುದಾ ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ್ದು ನನಗೆ ಹೊಸದು. ಕೋವಿಯ ಮೇಲಿನ ಆ ನೀಲಿಗಪ್ಪು ಬಣ್ಣವೇ ಅಲ್ಲ. ಅದೂ ತುಕ್ಕೇ. ಕಬ್ಬಿಣಕ್ಕೆ ಬೇಕಂತಲೇ ತುಕ್ಕು ಹಿಡಿಸುವ ಮದ್ದು ಸವರಿ, ತೇವದ ಜಾಗದಲ್ಲಿಟ್ಟು ಕೆಂಪು ತುಕ್ಕು ಬರಿಸುತ್ತಾರೆ. ಆಮೇಲೆ ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕುದಿಯುವಾಗ ಕೆಂಪು ಕಪ್ಪಾಗುತ್ತದೆ. ಮೇಲೆ ಸಡಿಲಾಗಿ ನಿಂತ ಪುಡಿಯನ್ನು ಉಕ್ಕಿನ ಉಣ್ಣೆಯಲ್ಲಿ ಉಜ್ಜಿ ತೆಗೆಯುತ್ತಾರೆ. ಮತ್ತೆ ಮದ್ದು, ಮತ್ತೆ ತುಕ್ಕು, ಮತ್ತೆ ಕುದಿ. ಹೀಗೆ ಆರೇಳು ಸುತ್ತು. ಪ್ರತಿ ಸುತ್ತಿಗೂ ಕಪ್ಪು ಸ್ವಲ್ಪ ಸ್ವಲ್ಪ ಆಳವಾಗುತ್ತಾ ಹೋಗುತ್ತದೆ. ಕೆಂಪು ತುಕ್ಕು ಉಬ್ಬಿ ಹಕ್ಕಳೆಯಾಗಿ ಏಳುತ್ತದೆ, ತೇವ ಹಿಡಿದಿಟ್ಟುಕೊಂಡು ಇನ್ನೂ ಕೆಳಗೆ ಕೊರೆಯುತ್ತದೆ. ಕಪ್ಪು ಹಾಗಲ್ಲ, ಕಬ್ಬಿಣವನ್ನು ಬಿಗಿಯಾಗಿ ಅಪ್ಪಿಕೊಂಡು ಕೂರುತ್ತದೆ.

ಬೇಗ ಆಗುವ ದಾರಿಯೂ ಇದೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಬೆರೆಸಿದ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ಅದರಲ್ಲಿ ಮುಳುಗಿಸುವುದು. ಕಾರ್ಖಾನೆಗಳಲ್ಲಿ ಮಾಡುವುದು ಹಾಗೇ. ಒಂಟಿ ನಳಿಗೆಗೆ ಅದು ಸರಿ. ಆದರೆ ಹಳೆಯ ಜೋಡು ನಳಿಗೆಗೆ ಕೂಡದು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಸೀಸ-ತವರದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ. ಕಾದ ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ಪಟ್ಟಿಯ ಕೆಳಗೆ ಸೇರಿಕೊಂಡ ದ್ರಾವಣ ಎಷ್ಟು ತೊಳೆದರೂ ಹೋಗುವುದಿಲ್ಲ. "ಅಗ್ಗಕ್ಕೆ ಮಾಡಿಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ, ಮೊದಲು ಯಾವ ಪದ್ಧತಿ ಅಂತ ಕೇಳಿ" ಅಂದರು ಆಚಾರ್ರು. ಜೋಡು ನಳಿಗೆ ಇಟ್ಟುಕೊಂಡವರು ಇದನ್ನು ನೆನಪಿಡಬೇಕು ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆ ಕಪ್ಪು ಪದರ ಎಷ್ಟು ತೆಳು ಅಂದರೆ ನಮ್ಮ ತಲೆಗೂದಲಿನ ದಪ್ಪದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ತಾನಾಗಿ ಅದು ಮಳೆಯನ್ನು ತಡೆಯುವುದೂ ಇಲ್ಲ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂರುತ್ತದೆ. ತಡೆಯುವುದು ಆ ಎಣ್ಣೆ. ಎಣ್ಣೆ ಆರಿದರೆ ಕಪ್ಪು ಇದ್ದೂ ಇಲ್ಲದ ಹಾಗೆ. ಇಷ್ಟು ವರ್ಷ ಬಣ್ಣ ಚೆನ್ನಾಗಿದೆ, ಕೋವಿ ಚೆನ್ನಾಗಿದೆ ಅಂತ ನೋಡಿ ನೋಡಿ ಸಮಾಧಾನ ಪಡುತ್ತಿದ್ದೆನಲ್ಲ, ನಾನು ನೋಡುತ್ತಿದ್ದದ್ದು ಬರೀ ಪಾತ್ರೆಯನ್ನು. ಒಳಗೆ ಏನಾದರೂ ಉಳಿದಿದೆಯಾ ಅಂತ ನೋಡಿರಲೇ ಇಲ್ಲ.

ಯಾವ ಎಣ್ಣೆ ಅನ್ನುವುದಕ್ಕೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಹೊಲಿಗೆ ಯಂತ್ರದ ಎಣ್ಣೆ ವಾರವಾರ ಒರೆಸುವವರಿಗೆ ಸಾಕು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ಆರಿ ಹೋಗುತ್ತದೆ, ಹಿಂದೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಡಬ್ಬಿಯಿಂದ ಚಿಮುಕಿಸುವ ಡಬ್ಲ್ಯೂಡಿ-40 ನೀರನ್ನು ಹೊರಗೆ ತಳ್ಳುವುದಕ್ಕೆ ಒಳ್ಳೆಯದು. ಮಳೆಯಲ್ಲಿ ನೆನೆದು ಬಂದ ಕೂಡಲೇ ಹೊಡೆಯಬಹುದು, ಆದರೆ ಅದರ ಮೇಲೆ ದಪ್ಪನೆಯ ಎಣ್ಣೆ ಬೇಕೇ ಬೇಕು. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಾದರೆ ಗ್ರೀಸೋ ವ್ಯಾಸಲೀನೋ ತೆಳ್ಳಗೆ ಸವರಬೇಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಮನೆಯಲ್ಲೇ ಇರುತ್ತದೆ ಅಂತ ಎಲ್ಲರ ಕೈ ಮೊದಲು ಅದಕ್ಕೇ ಹೋಗುತ್ತದೆ. ದಿನ ಕಳೆದಂತೆ ಅದು ಕಮಟು ಹಿಡಿಯುತ್ತದೆ. ಆಗ ಹುಟ್ಟುವ ಆಮ್ಲ ಕಬ್ಬಿಣಕ್ಕೆ ಒಳ್ಳೆಯದಲ್ಲ.

ಮರ ಎಲ್ಲಿಂದ ನೀರು ಕುಡಿಯುತ್ತದೆ

ನಮ್ಮ ಮನೆಯ ಬಾಗಿಲುಗಳು ಜುಲೈ ಬಂದರೆ ಬಿಗಿಯುತ್ತವೆ. ಭುಜ ಕೊಟ್ಟು ತಳ್ಳಬೇಕು. ಫೆಬ್ರವರಿಗೆ ಮತ್ತೆ ಸಲೀಸು. ಕೋವಿಯ ಮರವೂ ಮರವೇ, ಅದೂ ಹಾಗೇ ಉಬ್ಬುತ್ತದೆ, ಹಾಗೇ ಇಳಿಯುತ್ತದೆ. ಆದರೆ ಬಾಗಿಲಿಗೆ ಇಲ್ಲದ ಕಷ್ಟ ಒಂದು ಇದಕ್ಕಿದೆ. ಈಡು ಹೊಡೆದಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಮರ ಒಣಗಿ ಕುಗ್ಗಿ, ಕಬ್ಬಿಣಕ್ಕೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಬಿದ್ದಿದ್ದರೂ ಸಾಕು, ಒದೆತವೆಲ್ಲ ಒಂದೇ ಕಡೆ ಬಿದ್ದು ಮರ ಸೀಳುತ್ತದೆ. ಮಳೆಗಾಲದಲ್ಲಿ ಕುಡಿದ ನೀರಿನ ಏಟು ಬೇಸಿಗೆಯಲ್ಲಿ ಕಾಣಿಸುವುದು ಹೀಗೆ.

ಹೊರಮೈಗೆ ಎಷ್ಟೇ ಪಾಲಿಶ್ ಹಾಕಿ, ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಗಳಿಂದ. ಭುಜಕ್ಕೆ ಒತ್ತುವ ಹಿಂಬದಿಯ ಪ್ಲೇಟಿನ ಅಡಿ, ಕಬ್ಬಿಣ ಕೂರುವ ಗುಳಿಯ ಒಳಗೆ, ತಿರುಪಿನ ತೂತಿನಲ್ಲಿ. ಅಲ್ಲೆಲ್ಲ ಮರದ ನರಗಳು ಬಾಯಿ ತೆರೆದಿರುತ್ತವೆ. ಆಚಾರ್ರು ಅವತ್ತು ಹಿಂಬದಿಯ ಪ್ಲೇಟಿನ ಎರಡು ತಿರುಪು ಬಿಚ್ಚಿದರು. ನಾನು ಆ ಕೋವಿಯನ್ನು ಹದಿನೆಂಟು ವರ್ಷದಿಂದ ಇಟ್ಟುಕೊಂಡವನು, ಒಮ್ಮೆಯೂ ಬಿಚ್ಚಿರಲಿಲ್ಲ. ಒಳಗೆ ಕೆನೆಬಣ್ಣದ ಒಂದು ಪದರ ಇತ್ತು. ಉಗುರಿನಿಂದ ಕೆರೆದು ಮೂಸಿದರು, ನನ್ನ ಕಡೆ ಚಾಚಿದರು. ಜೇನುಮೇಣ. ಅಪ್ಪ ಹಚ್ಚಿದ್ದಿರಬೇಕು. ಜೇನು ಬಿಚ್ಚಿದಾಗ ಮೇಣವನ್ನು ಕರಗಿಸಿ ಗರಟೆಯಲ್ಲಿ ತೆಗೆದಿಡುತ್ತಿದ್ದವರು ಅವರೊಬ್ಬರೇ. ಯಾಕೆ ಅಂತ ಕೇಳಿದರೆ "ಬೇಕಾಗ್ತದೆ" ಅನ್ನುತ್ತಿದ್ದರು, ಅಷ್ಟೇ. ಹೊರಗೆ ಬಿಳಿಚಿಕೊಂಡಿದ್ದ ಮರ ಆ ಮೇಣದ ಅಡಿಯಲ್ಲಿ ಹೊಸದರ ಹಾಗೆ ಕಂದುಬಣ್ಣದಲ್ಲಿತ್ತು. ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಹೊರಗಿನ ಮರಕ್ಕೆ ಅಗಸೆ ಎಣ್ಣೆ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವ ಎಣ್ಣೆ, ಅದಕ್ಕೇ ಮರದೊಳಗೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಯಾವತ್ತೂ ಗಟ್ಟಿಯಾಗುವುದಿಲ್ಲ, ಜಿಡ್ಡಾಗಿ ಉಳಿದು ಬೂಷ್ಟಿಗೆ ಊಟವಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಬೇಗ ಆರುತ್ತದೆ. ಒಂದೆರಡು ಹನಿ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವ ತನಕ ಉಜ್ಜಬೇಕು. ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ದಪ್ಪ ಹಚ್ಚಿದರೆ ತಿಂಗಳಾದರೂ ಅಂಟಂಟು. ಅದೊಂದೇ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಅದರ ಮೇಲೆ ಸ್ವಲ್ಪ ಮೇಣ ಬಿದ್ದರೆ ಹನಿ ನಿಲ್ಲದೆ ಜಾರುತ್ತದೆ. ಒಂದು ಮಾತು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆರುವಾಗ ಅದು ಕಾಯುತ್ತದೆ. ಮುದ್ದೆಯೊಳಗೆ ಕಾವು ಸೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅಡಿಕೆ ಸಿಪ್ಪೆ, ಗೋಣಿಚೀಲ ತುಂಬಿದ ಮನೆ ನಮ್ಮದು. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕಿ, ಪೂರ್ತಿ ಆರಿದ ಮೇಲೆ ಬಿಸಾಡಬೇಕು.

ಕಬ್ಬಿಣದ ಎಣ್ಣೆ ಬೇರೆ, ಮರದ ಎಣ್ಣೆ ಬೇರೆ. ಇದೂ ನಾನು ತಡವಾಗಿ ಕಲಿತದ್ದು. ಜಾಸ್ತಿ ಹಚ್ಚಿದರೆ ಜಾಸ್ತಿ ಒಳ್ಳೆಯದು ಅಂತ ಕೋವಿಯ ಕುದುರೆ ಮತ್ತು ನಳಿಗೆ ಮಡಚುವ ಜಾಗಕ್ಕೆ ಧಾರಾಳವಾಗಿ ಎಣ್ಣೆ ಬಿಟ್ಟು, ಬಾಯಿ ಮೇಲೆ ಮಾಡಿ ಕಪಾಟಿನಲ್ಲಿ ನಿಲ್ಲಿಸುತ್ತಿದ್ದೆ. ಎಣ್ಣೆ ನಿಧಾನಕ್ಕೆ ಇಳಿದಿಳಿದು ಕಬ್ಬಿಣ ಮತ್ತು ಮರ ಕೂಡುವ ಜಾಗಕ್ಕೆ ಸೇರಿತ್ತು. ಅಲ್ಲಿ ಮರ ಕಪ್ಪಾಗಿ, ಉಗುರು ಇಳಿಯುವಷ್ಟು ಮೆತ್ತಗಾಗಿತ್ತು. ಕೋವಿಯನ್ನು ಬಹಳ ದಿನ ನಿಲ್ಲಿಸಿಡುವುದಾದರೆ ಬಾಯಿ ಕೆಳಗೆ ಮಾಡಿ, ಒಂದು ದಪ್ಪ ಬಟ್ಟೆಯ ಮೇಲೆ ಇಡಬೇಕಂತೆ. ಹೆಚ್ಚಿನ ಎಣ್ಣೆ ನಳಿಗೆಯ ಕಡೆ ಇಳಿಯಲಿ, ಮರಕ್ಕೆ ಬೇಡ.

ಎಲ್ಲಿ ಇಡುವುದು

ಅಜ್ಜನ ಕೋವಿ ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯ ಮೇಲೆ ಎರಡು ಗೂಟದಲ್ಲಿ ತೂಗುತ್ತಿತ್ತು. ಆಚೆ ಬದಿಗೆ ಒಲೆ. ಆ ಗೋಡೆ ವರ್ಷವಿಡೀ ಬೆಚ್ಚಗೆ. ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡುವ ಅಜ್ಜನ ಕಣ್ಣು ಅದರ ಮೇಲೆ ಬೀಳುತ್ತಿತ್ತು. ಈಗ ಹಾಗೆ ಇಡುವ ಕಾಲವಲ್ಲ, ಬೀಗ ಹಾಕಿಯೇ ಇಡಬೇಕು, ಅದು ಸರಿಯೇ. ಆದರೆ ಬೀಗದ ಕಪಾಟಿಗೆ ಒಲೆಯ ಗೋಡೆ ಎಲ್ಲಿಂದ ತರುವುದು? ಅಪ್ಪ ಕಪಾಟಿನ ಅಡಿಯಲ್ಲಿ 40 ವ್ಯಾಟಿನ ಬಲ್ಬ್ ಉರಿಸುತ್ತಿದ್ದರು. ಒಳಗಿನ ಗಾಳಿ ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ನಾನು ಎಲ್ಲ ಬಲ್ಬೂ ಎಲ್ಇಡಿ ಮಾಡಿದಾಗ ಅದನ್ನೂ ಬದಲಿಸಿದೆ. ಬೆಳಕು ಬಂತು, ಕಾವು ಹೋಯಿತು. ಆ ವರ್ಷದ ಬೂಷ್ಟು ಯಾಕೆ ಅಂತ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು. ಈಗ ಸಿಲಿಕಾ ಜೆಲ್ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಹಳೆಯ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ. ನಮ್ಮ ಕಡೆಯ ಮಳೆಗೆ ಅದು ವಾರಕ್ಕೇ ಗುಲಾಬಿಯಾಗಿ ಕೂತಿರುತ್ತದೆ.

ಗೊಬ್ಬರ, ಮೈಲುತುತ್ತ, ಸುಣ್ಣ ಇರುವ ಕೋಣೆಯಲ್ಲಂತೂ ಕೋವಿ ಇಡಲೇಬಾರದು. ತೋಟಕ್ಕೆ ಔಷಧಿ ಹೊಡೆದ ಕೈಯಲ್ಲಿ ಮುಟ್ಟಲೂ ಬಾರದು. ಮೈಲುತುತ್ತದ ನೀರು ತಾಗಿದ ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಆಯುಧಪೂಜೆಯ ಹಸಿ ಗಂಧ ಮತ್ತು ಕುಂಕುಮವನ್ನೂ ಅವತ್ತು ರಾತ್ರಿಯೇ ಒರೆಸಿ ಎಣ್ಣೆ ಹಚ್ಚಬೇಕು. ದಸರೆ ಮುಗಿಯಲಿ ಅಂತ ಕಾದ ಒಂದು ವರ್ಷದ ಬೊಟ್ಟಿನ ಗುರುತು ನಮ್ಮ ಕೋವಿಯ ಮೇಲೆ ಇನ್ನೂ ಇದೆ.

ಕೊಡಗಿನವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಗ್ಗೆ ನನಗೆ ಮೊದಲಿಂದ ಆಸೆ. ವಿರಾಜಪೇಟೆ ಕಡೆಯ ಗೆಳೆಯನ ಮನೆಗೆ ಒಂದು ಸಲ ಹೋಗಿದ್ದೆ. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದು ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತು. ಮನೆಯ ಕೋವಿಗಳನ್ನೆಲ್ಲ ತೆಗೆದು, ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಟ್ಟಿದ್ದರು. ಬೆಂಕಿಯ ನಾಲಗೆಯಂಥ ಎಸಳಿನ ಆ ಹೂವನ್ನು ನಾವು ಗೌರಿ ಹೂ ಅನ್ನುತ್ತೇವೆ. ಅವರ ಮಾತಿನಲ್ಲಿ ತೋಕ್ ಅಂದರೆ ಕೋವಿ. ಹಬ್ಬದ ಹಿಂದಿನ ದಿನ ಗೆಳೆಯನ ತಂದೆ, ಎಂಬತ್ತರ ಹತ್ತಿರದವರು, ಮೆಟ್ಟಿಲ ಮೇಲೆ ಕೂತು ಮಗನಿಂದ, ಮೊಮ್ಮಗಳಿಂದ ಒಂದೊಂದೇ ಭಾಗ ಒರೆಸಿಸುತ್ತಿದ್ದರು. ಎಲ್ಲರಿಗಿಂತ ಮೊದಲು ತಾವೇ ಕೋವಿ ಮಡಚಿ, ತೋಟಾ ಇಲ್ಲ ಅಂತ ಎರಡೂ ನಳಿಗೆಯಲ್ಲಿ ಬೆಳಕು ನೋಡಿ, ಆಮೇಲೆ ಕೊಟ್ಟರು. ಪಂದಿಕರಿ, ಕಡಂಬುಟ್ಟಿನ ಊಟ ಮರುದಿನ. ನನಗೆ ಹಬ್ಬ ಆಗಿದ್ದು ಹಿಂದಿನ ದಿನವೇ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಕೋವಿಗೆ ಏನು ಮಾಡಿದೆ ಅಂತ ನೋಡುವುದಕ್ಕೆ ಅದಕ್ಕಿಂತ ಸರಿಯಾದ ವಾರ ಇನ್ನೊಂದಿಲ್ಲ.

ಈಗ ನಾನು ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಕಪಾಟು ತೆರೆಯುತ್ತೇನೆ. ಕೋವಿ ಮಡಚಿ ಖಾಲಿ ಇದೆಯಾ ಅಂತ ನೋಡಿ, ಐದು ನಿಮಿಷ ಒರೆಸುತ್ತೇನೆ. ಕೊನೆಯ ಸಲ ಬಟ್ಟೆ ಕೈಯಲ್ಲಿ ಇರುವಾಗಲೇ ಹಿಡಿದು ಒಳಗೆ ಇಡುತ್ತೇನೆ, ಬರಿಗೈ ತಾಗಿಸುವುದಿಲ್ಲ. ಕವರು ಈಗ ಪೇಟೆಗೆ ಹೋಗುವಾಗ ಮಾತ್ರ. ಮುಂದಿನ ಸಲ ಠಾಣೆಗೆ ಕೊಡುವಾಗ ಹೊರಗೂ ಒಳಗೂ ಗ್ರೀಸ್ ಸವರಿ, ಹಳೆಯ ಹತ್ತಿ ಪಂಚೆಯನ್ನು ಎಣ್ಣೆಯಲ್ಲಿ ಅದ್ದಿ ಸುತ್ತಿ ಕೊಡಬೇಕು ಅಂತಿದ್ದೇನೆ. ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಅಂತ ಅಲ್ಲಿನ ಪೇದೆಯವರ ಹತ್ತಿರ ಕೇಳಿಕೊಳ್ಳಬೇಕು. ಅವರದೂ ತೋಟದ ಮನೆಯೇ, ಅರ್ಥವಾಗುತ್ತದೆ.

ಆಚಾರ್ರು ಎರಡು ತಿಂಗಳು ತೆಗೆದುಕೊಂಡು ಹಳೆಯ ಪದ್ಧತಿಯಲ್ಲೇ ಕಪ್ಪು ಮಾಡಿಕೊಟ್ಟರು. ಹಿಂಬದಿಯ ಮರಕ್ಕೆ ಅಪ್ಪನ ಮೇಣವನ್ನೇ ಕರಗಿಸಿ ಮತ್ತೆ ಹಚ್ಚಿದರು. ಹೆಬ್ಬೆರಳಿನ ಗುರುತಿನಲ್ಲಿ ಎರಡು ಗೆರೆ ಮಾತ್ರ ಆಳವಾಗಿ ಇಳಿದಿತ್ತು. "ಅರ ಹಾಕಿ ತೆಗೀಬಹುದು ಗೌಡ್ರೇ, ಆದ್ರೆ ಅಷ್ಟು ನಳಿಗೆ ತೆಳ್ಳಗಾಗ್ತದೆ" ಅಂದರು. ಬೇಡ, ಇರಲಿ ಅಂದೆ. ಭಾನುವಾರ ಬಟ್ಟೆ ಅಲ್ಲಿ ಹಾದು ಹೋಗುವಾಗ ಆ ಎರಡು ಗೆರೆ ಬೆರಳಿಗೆ ಸಣ್ಣಗೆ ತಗಲುತ್ತವೆ.